ಆಮೆನ್ ಇಲ್ಲದ ಊಟ

ಸುಮಿತ್ರಮ್ಮನವರ ಹತ್ತಿರ ಎಲ್ಲರ ಕಷ್ಟಕ್ಕೂ ಬೈಬಲಿನ ಒಂದೊಂದು ಕಥೆ ಇತ್ತು. ನಜರಬಾದಿನ ನಮ್ಮ ಕ್ರೈಸ್ತ ಸಭೆಯ ಹೆಂಗಸರ ಕೂಟಕ್ಕೆ ಅವರು ಅಧ್ಯಕ್ಷೆ. ಗಂಡ ಒರಟ ಎಂದು ಅತ್ತುಕೊಂಡು ಬಂದವಳಿಗೆ ಅಬೀಗೈಲಳ ಕಥೆ, ಮಕ್ಕಳಾಗದವಳಿಗೆ ಹನ್ನಳ ಕಥೆ, ಮಗನಿಗೆ ಕೆಲಸ ಹೋಯಿತು ಎಂದವಳಿಗೆ ಸೆರೆಮನೆಯಲ್ಲಿದ್ದ ಯೋಸೇಫನ ಕಥೆ. ಆಸ್ಪತ್ರೆಯ ಕಾಂಪೌಂಡರು ಚೀಟಿ ನೋಡಿ ಸೀಸೆಗೆ ಔಷಧಿ ಸುರಿಯುವ ಹಾಗೆ ಮುಖ ನೋಡಿ ಕಥೆ ಸುರಿಯುತ್ತಿದ್ದರು. ಮೂವತ್ತು ದಾಟಿದರೂ ಮದುವೆಯಾಗದ ನನಗೆ ಸಿಕ್ಕಿದ್ದು ರೂತಳ ಕಥೆ. ಅವಳು ಹೊಲದಲ್ಲಿ ತೆನೆ ಆಯುತ್ತಿದ್ದಾಗ ಬೋವಜ ಎಂಬ ಒಳ್ಳೆಯ ಸಾಹುಕಾರ ಕಂಡು ಮೆಚ್ಚಿ ಮದುವೆಯಾದನಂತೆ. ನನ್ನ ಬೋವಜ ಇನ್ನೂ ಬಂದಿಲ್ಲ. ಅದಕ್ಕೆ ನಾನು ಸುಮಿತ್ರಮ್ಮನವರನ್ನು ದೂರುವುದಿಲ್ಲ. ಕಥೆ ಚೆನ್ನಾಗಿಯೇ ಇದೆ.

ನಾನು ಪ್ರೇಮಲೀಲಾ. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಹೇಳಿಕೊಡುತ್ತೇನೆ, ಭಾನುವಾರ ಸಭೆಯ ಗುಡಿಯಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ. ಸುಮಿತ್ರಮ್ಮನವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಬಾಡಿಗೆಯವಳು ಎಂಬುದು ಮಾತಿಗೆ. ಮಧ್ಯಾಹ್ನದ ಊಟ ಅವರ ಜೊತೆಯಲ್ಲೇ ಆಗಬೇಕೆಂದು ಆ ಗಂಡಹೆಂಡಿರು ಮೊದಲೇ ತೀರ್ಪು ಕೊಟ್ಟುಬಿಟ್ಟಿದ್ದರು.

ಊಟಕ್ಕೆ ಕೂತರೆ ಮೊದಲು ಪ್ರಾರ್ಥನೆ. ನಮ್ಮಲ್ಲಿ ತುತ್ತು ಎತ್ತುವ ಮುಂಚೆ ದೇವರಿಗೆ ಸ್ತೋತ್ರ ಹೇಳುವ ಪದ್ಧತಿ. ಒಬ್ಬರು ಹೇಳುತ್ತಾರೆ, ಉಳಿದವರು ಕೊನೆಗೆ ಆಮೆನ್ ಅನ್ನುತ್ತಾರೆ. ಆಮೆನ್ ಎಂದರೆ ಆ ಮಾತು ನನ್ನದೂ ಹೌದು ಎಂದು ರುಜು ಹಾಕಿದ ಹಾಗೆ. ಆ ಮನೆಯಲ್ಲಿ ಪ್ರಾರ್ಥನೆ ಹೇಳುವವರು ಯಜಮಾನರಾದ ಶಾಂತಪ್ಪನವರು. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿ ಜೋಡಿಸಿ ನಿವೃತ್ತರಾದವರು. ಪುಟದಲ್ಲಿ ಖಾಲಿ ಜಾಗ ಬಿಟ್ಟರೆ ನಷ್ಟ ಎಂಬ ಭಾವನೆ ಅವರಿಗೆ ಪ್ರಾರ್ಥನೆಯಲ್ಲೂ ಹೋಗಿರಲಿಲ್ಲ. ಮುದ್ದೆಗೆ ಸ್ತೋತ್ರ ಹೇಳಿ, ರಾಗಿ ಬೆಳೆದವನನ್ನು ನೆನೆದು, ಕನ್ನಂಬಾಡಿ ಕಟ್ಟೆ ತುಂಬಲಿ ಎಂದು ಬೇಡಿ, ರೈಲಿನಲ್ಲಿ ಪ್ರಯಾಣ ಮಾಡುತ್ತಿರುವವರನ್ನೆಲ್ಲ ಕಾಪಾಡು ಎಂದು ಹೇಳಿ, ಕೊನೆಗೆ ಬೀದಿಯ ಕುಂಟ ಬೆಕ್ಕಿನವರೆಗೆ ಬರುತ್ತಿದ್ದರು. ಅಷ್ಟರಲ್ಲಿ ಸಾರು ಆರಿರುತ್ತಿತ್ತು. ಸುಮಿತ್ರಮ್ಮನವರು ಕೆಮ್ಮುತ್ತಿದ್ದರು. ಸಾಕು ಮುಗಿಸಿ ಎಂದು ಅರ್ಥ. ಶಾಂತಪ್ಪನವರಿಗೆ ಅದು ಚೆನ್ನಾಗಿ ಗೊತ್ತು. ಕೆಮ್ಮು ಕೇಳಿದ ಮೇಲೆ ಬೇಕೆಂದೇ ಇನ್ನೊಂದು ಸಾಲು ಸೇರಿಸಿ, ಆಮೇಲೆ ಆಮೆನ್ ಅನ್ನುತ್ತಿದ್ದರು.

ಐವತ್ತೆಂಟನೇ ಇಸವಿಯ ದಸರಾ ಮುಗಿದು ಊರಿಗೆ ಬಂದಿದ್ದ ಜನವೆಲ್ಲ ವಾಪಸು ಹೋದ ಮೇಲೆ, ಒಂದು ಮಧ್ಯಾಹ್ನ ಊಟ ಮಾಡಿ ಆರಾಮಕುರ್ಚಿಯಲ್ಲಿ ಒರಗಿದ ಶಾಂತಪ್ಪನವರು ಏಳಲಿಲ್ಲ. ಕಾಯಿಲೆ ಇಲ್ಲ, ನರಳಾಟ ಇಲ್ಲ. ಪುಣ್ಯವಂತರ ಸಾವು ಎಂದು ಬಂದವರೆಲ್ಲ ಅಂದರು. ಸುಮಿತ್ರಮ್ಮನವರು ಹೆಚ್ಚು ಅಳಲಿಲ್ಲ. ಯಾವ ಕೀರ್ತನೆ ಹಾಡಬೇಕು, ಯಾರು ಪೆಟ್ಟಿಗೆ ಹೊರಬೇಕು ಎಂದೆಲ್ಲ ಅವರೇ ನಿಂತು ಹೇಳಿದರು. ಸಮಾಧಿಯ ಹತ್ತಿರ ನಾನು ಶ್ರುತಿ ತಪ್ಪಿದ್ದನ್ನೂ ಗಮನಿಸಿದರು. ಎಂಥ ವಿಶ್ವಾಸ ನೋಡಿ ಎಂದು ಕೂಟದ ಹೆಂಗಸರು ಮಾತಾಡಿಕೊಂಡರು.

ನೆಂಟರೆಲ್ಲ ಹೊರಟುಹೋದ ದಿನ ನಾನೇ ಅಡಿಗೆ ಮಾಡಿ ಇಬ್ಬರಿಗೂ ಬಡಿಸಿದೆ. ಸುಮಿತ್ರಮ್ಮನವರು ಮಣೆಯ ಮೇಲೆ ಕೂತು ಅಭ್ಯಾಸದಂತೆ ತಲೆ ಬಗ್ಗಿಸಿದರು. ಹಾಗೆಯೇ ಕೂತರು. ಅವರು ಏನಕ್ಕೆ ಕಾಯುತ್ತಿದ್ದಾರೆಂದು ನನಗೆ ತಿಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಕಾಯುತ್ತಿದ್ದದ್ದು ಶಾಂತಪ್ಪನವರ ದನಿಗೆ.

"ನೀವೇ ಹೇಳಿ ಅಮ್ಮ," ಅಂದೆ.

ಅವರು ತಲೆ ಎತ್ತಿದರು. "ಏನಂತ ಹೇಳ್ಲಿ?"

"ಯಾವಾಗ್ಲೂ ಹೇಳೋ ಹಾಗೇನೆ. ಸ್ತೋತ್ರ ಅಂತ."

"ಏತಕ್ಕೆ ಸ್ತೋತ್ರ? ಅವರನ್ನ ಕರ್ಕೊಂಡಿದ್ದಕ್ಕಾ?" ದನಿ ಏರಿರಲಿಲ್ಲ. ಮಕ್ಕಳ ಲೆಕ್ಕ ತಿದ್ದುವ ದನಿ. "ನನ್ನ ಮನಸ್ಸಲ್ಲಿ ಸ್ತೋತ್ರ ಇಲ್ಲ ಕಣೆ. ಇಲ್ಲದ್ದನ್ನ ಇದೆ ಅಂತ ದೇವರ ಎದುರಿಗೆ ಕೂತು ಹೇಳೋಕೆ ನನಗೆ ಬರಲ್ಲ."

"ಹಂಗಾದ್ರೆ ನಾನು ಹೇಳ್ತೀನಿ."

"ನೀನು ಹೇಳು. ಆಮೆನ್ ಅನ್ನೋಳು ನಾನು ತಾನೆ?"

ಅವರು ತಟ್ಟೆ ಸರಿಸಿ ಎದ್ದರು.

ಹೊಟ್ಟೆಗೆ ಏನೂ ಹಾಕದೆ ಇದ್ದರು ಅಂತಲ್ಲ. ಆ ಮನೆಯಲ್ಲಿ ಶಾಂತಪ್ಪನವರೇ ಮಾಡಿದ್ದ ಒಂದು ಕಾನೂನಿತ್ತು. ಕೂತು ಉಂಡರೆ ಪ್ರಾರ್ಥನೆ ಬೇಕು, ನಿಂತು ಕುಡಿದರೆ ಬೇಡ. ಬೆಳಗಿನ ಕಾಫಿಗೆ ಕಾದು ಕಾದು ಬೇಸತ್ತ ಹೆಂಡತಿಗೆ ಕೊಟ್ಟ ರಿಯಾಯಿತಿ ಅದು. ಈಗ ಸುಮಿತ್ರಮ್ಮನವರು ಆ ರಿಯಾಯಿತಿಯಲ್ಲೇ ಬದುಕತೊಡಗಿದರು. ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತು ಕಾಫಿ ಕುಡಿಯುವುದು, ನಿಂತೇ ಒಂದು ಬನ್ನು ಅದ್ದಿಕೊಂಡು ತಿನ್ನುವುದು, ಮತ್ತೆ ಕಾಫಿ. ಅನ್ನ, ಮುದ್ದೆ ಎರಡೂ ಇಲ್ಲ. ನಾನು ಬೇಡಿಕೊಂಡೆ, ಸಿಡುಕಿದೆ, ನಾನೂ ಊಟ ಬಿಡುತ್ತೇನೆಂದು ಹೆದರಿಸಿದೆ. ನಾನು ಊಟ ಬಿಡುವವಳಲ್ಲವೆಂದು ಅವರಿಗೆ ಗೊತ್ತಿತ್ತು.

ವಿಷಯ ಕೂಟಕ್ಕೆ ಮುಟ್ಟಿತು. ನಮ್ಮಲ್ಲಿ ಯಾರದಾದರೂ ಮನೆಯಲ್ಲಿ ದುಃಖವಾದರೆ ಹೆಂಗಸರೆಲ್ಲ ಸೇರಿ ಹೋಗಿ ಹಾಡಿ, ಪ್ರಾರ್ಥನೆ ಮಾಡಿ, ಧೈರ್ಯದ ಮಾತು ಹೇಳಿ ಬರುವ ವಾಡಿಕೆ. ಇಷ್ಟು ವರ್ಷ ಆ ಮಾತು ಸುಮಿತ್ರಮ್ಮನವರದೇ ಆಗಿತ್ತು. ಈಗ ಅವರ ಮನೆಗೇ ಹೋಗಬೇಕಾಗಿ ಬಂದದ್ದರಿಂದ ಎಲ್ಲರೂ ತಯಾರಾಗಿಯೇ ಬಂದರು. ಬಂದವರು ಹೇಳಿದ್ದೆಲ್ಲ ಸುಮಿತ್ರಮ್ಮನವರ ಕಥೆಗಳೇ. ಕೇಳಿ ಕೇಳಿ ಬಾಯಿಪಾಠವಾಗಿದ್ದವು. ಒಬ್ಬರು ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡ ನೊವೊಮಿಯ ಕಥೆ ಹೇಳಿದರು. ಇನ್ನೊಬ್ಬರು ಲಾಜರನ ಸಮಾಧಿಯ ಮುಂದೆ ಸ್ವಾಮಿಯೇ ಅತ್ತದ್ದನ್ನು ಹೇಳಿದರು. ಸುಮಿತ್ರಮ್ಮನವರು ಎಲ್ಲಿ ಮಾತು ನಿಲ್ಲಿಸಿ ಕನ್ನಡಕ ತೆಗೆಯುತ್ತಿದ್ದರೋ ಸರಿಯಾಗಿ ಅಲ್ಲಿಯೇ ಆಕೆಯೂ ಕನ್ನಡಕ ತೆಗೆದರು. ಸುಮಿತ್ರಮ್ಮನವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ತಾನು ಹೊಲಿದ ರವಿಕೆಯನ್ನು ತನಗೇ ಯಾರೋ ಬಲವಂತವಾಗಿ ತೊಡಿಸುತ್ತಿರುವ ಹಾಗಿತ್ತು ಅವರ ಮುಖ.

ಕೊನೆಗೆ ಚೆಲುವಮ್ಮ. ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು, ತುಂಬ ಒಳ್ಳೆಯ ಮನಸ್ಸು, ತುಂಬ ದೊಡ್ಡ ಗಂಟಲು. ಅವರು ಯೋಬನನ್ನು ಹಿಡಿದರು. ಆಸ್ತಿ ಹೋಯಿತು, ಮಕ್ಕಳು ಹೋದರು, ಮೈಯೆಲ್ಲ ಹುಣ್ಣಾಯಿತು, ಆದರೂ ಯೋಬ ದೇವರನ್ನು ಬಿಡಲಿಲ್ಲ.

"ಕೊನೆಗೆ ಏನಾಯ್ತು ನೋಡಿ ಸುಮಿತ್ರಮ್ಮ," ಎಂದು ಚೆಲುವಮ್ಮ ಕೈ ಎತ್ತಿದರು. "ಕಳ್ಕೊಂಡಿದ್ದಕ್ಕೆ ಎರಡರಷ್ಟು ಕೊಟ್ಬುಟ್ಟ ದೇವರು!"

"ನನಗೇನು ಇಬ್ಬರು ಶಾಂತಪ್ಪನವರನ್ನ ಕೊಡ್ತಾನಾ?" ಅಂದರು ಸುಮಿತ್ರಮ್ಮ.

ನಾನು ಹಾರ್ಮೋನಿಯಮ್ಮಿನ ಹಿಂದೆ ಮುಖ ಮುಚ್ಚಿಕೊಂಡೆ. ನಗು ಬಂದಿತ್ತು, ಅಳುವೂ ಬಂದಿತ್ತು. ಚೆಲುವಮ್ಮ ಎತ್ತಿದ ಕೈ ಇಳಿಸಿದರು. ಸುಮಿತ್ರಮ್ಮನವರು ಎದ್ದು ಒಳಗೆ ಹೋಗಿ, ಬಂದವರಿಗೆಲ್ಲ ಕಾಫಿ ಮಾಡಿ ತಂದುಕೊಟ್ಟರು. ತಾವು ಮಾತ್ರ ಬಾಗಿಲಿಗೆ ಒರಗಿ ನಿಂತೇ ಕುಡಿದರು. ಯಾರೂ ನೋಡಲಿಲ್ಲ. ಎಲ್ಲರೂ ಪ್ರಾರ್ಥನೆಯಲ್ಲಿದ್ದರು.

ಅಯ್ಯನವರೂ ಬಂದರು. ನಮ್ಮ ಸಭೆಯ ಬೋಧಕರನ್ನು ನಾವು ಹಾಗೆಯೇ ಕರೆಯುವುದು. "ಮನಸ್ಸಿಲ್ಲದಿದ್ರೂ ಬಾಯಲ್ಲಿ ಹೇಳಿ ತಾಯಿ. ಮನಸ್ಸು ಹಿಂದಿನಿಂದ ಬರುತ್ತೆ," ಅಂದರು. ಸುಮಿತ್ರಮ್ಮನವರು, "ಸಂಡೇ ಸ್ಕೂಲಿನಲ್ಲಿ ಇಷ್ಟು ವರ್ಷ ಮಕ್ಕಳಿಗೆ ಸುಳ್ಳು ಹೇಳ್ಬೇಡಿ ಅಂತ ಹೇಳ್ಕೊಟ್ಟಿದೀನಿ ಅಯ್ಯನವರೇ. ದೇವರಿಗೆ ಮಾತ್ರ ಹೇಳ್ಬೋದು ಅಂತ ಒಂದು ಪಾಠ ಇದ್ರೆ ತೋರಿಸಿ," ಅಂದರು. ಅಯ್ಯನವರು ಒಳ್ಳೆಯವರು. ಕಾಫಿ ಕುಡಿದು ಹೋದರು.

ಒಂದು ಬೆಳಿಗ್ಗೆ ಬಾವಿಯ ಹತ್ತಿರ ಕೊಡ ಬಿದ್ದ ಸದ್ದಾಯಿತು. ಓಡಿ ಬಂದು ನೋಡಿದರೆ ಸುಮಿತ್ರಮ್ಮನವರು ಕಟ್ಟೆಗೆ ಒರಗಿ ಕುಸಿದಿದ್ದರು. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಹೇಗೋ ಎಬ್ಬಿಸಿ ಒಳಗೆ ತಂದೆ. ಡಾಕ್ಟರಮ್ಮ ಬಂದು ನೋಡಿ, ರಕ್ತ ಬತ್ತಿಹೋಗಿದೆ, ಹೀಗೇ ಇದ್ದರೆ ಇನ್ನೊಂದು ವಾರದಲ್ಲಿ ಕೈಮೀರುತ್ತದೆ, ಅನ್ನ ತಿನ್ನಲೇಬೇಕು ಎಂದು ಹೇಳಿ ಟಾನಿಕ್ ಬರೆದುಕೊಟ್ಟರು. ಟಾನಿಕ್ಕನ್ನು ಸುಮಿತ್ರಮ್ಮನವರು ನಿಂತು ಕುಡಿಯಲು ಒಪ್ಪಿದರು. ನಿಲ್ಲುವುದಕ್ಕೇ ಆಗಲಿಲ್ಲ.

ನನಗೆ ಹೆದರಿಕೆಯಾಯಿತು. ಸಿಟ್ಟೂ ಬಂತು. ದೇವರ ಮೇಲೆ ಅಷ್ಟಲ್ಲ, ಈ ಹೆಂಗಸಿನ ಪ್ರಾಮಾಣಿಕತೆಯ ಮೇಲೆ. ಊರಿನಲ್ಲಿ ಎಷ್ಟೋ ಜನ ಮನಸ್ಸಿಲ್ಲದೆ ಪ್ರಾರ್ಥನೆ ಹೇಳಿ ಹೊಟ್ಟೆತುಂಬ ಉಣ್ಣುತ್ತಾರೆ. ನಾನೂ ಅವರಲ್ಲಿ ಒಬ್ಬಳು. ಆ ಒಂದು ಆಮೆನ್ ಇಲ್ಲದೆ ಇವರು ಸಾಯಬೇಕೇ? ಗಂಡ ಹೋದ ದುಃಖಕ್ಕೆ ಸತ್ತರು ಎಂದು ಜನ ಅನ್ನುತ್ತಾರೆ, ಅದು ನಿಜವಲ್ಲ ಎಂದು ನನಗೊಬ್ಬಳಿಗೇ ಗೊತ್ತಿರುತ್ತದೆ. ಅವರಿಗೆ ಬೇಕಾಗಿದ್ದದ್ದು ಸಾವಲ್ಲ. ದೇವರ ಜೊತೆ ಮಾತು ಬಿಟ್ಟಿದ್ದರು, ಮಾತು ಬಿಟ್ಟವರ ಮನೆಯಲ್ಲಿ ಊಟ ಹೇಗೆ ಮಾಡುವುದು ಎಂಬುದು ಅವರ ತೊಂದರೆ.

ಮಧ್ಯಾಹ್ನ ಹಿತ್ತಿಲ ಗೋಡೆಯ ಆಚೆಯಿಂದ ಅಲಮೇಲು ಕೂಗಿದರು. ಪಕ್ಕದ ಮನೆಯವರು. ಯಜಮಾನರು ಅರಮನೆಯ ಕಚೇರಿಯಲ್ಲಿ ಗುಮಾಸ್ತರು. ಅಯ್ಯಂಗಾರ್ ಮನೆ, ಮಡಿ ಜೋರು. ಎರಡೂ ಮನೆಯ ಹೆಂಗಸರಿಗೆ ಗೋಡೆಯ ಮೇಲೆಯೇ ಹಳೆಯ ಸ್ನೇಹ. ಹಬ್ಬ ಬಂದರೆ ಅಲಮೇಲು ಪುಳಿಯೋಗರೆಯನ್ನು ಬಾಳೆಲೆಯಲ್ಲಿ ಕಟ್ಟಿ ಗೋಡೆಯ ಮೇಲಿಡುತ್ತಿದ್ದರು. ಎಲೆಯಾದರೆ ವಾಪಸು ತೆಗೆದುಕೊಳ್ಳುವ ಪ್ರಶ್ನೆಯಿಲ್ಲ. ಅವರ ಅಡಿಗೆಮನೆಯ ಪಾತ್ರೆ ಎಂದೂ ಈ ಕಡೆ ಬಂದಿರಲಿಲ್ಲ.

ಆ ದಿನ ಅಲಮೇಲು ಕೂಗಿದವರು ಗೋಡೆಯ ಹತ್ತಿರ ನಿಲ್ಲಲಿಲ್ಲ. ಬೀದಿ ಸುತ್ತಿಕೊಂಡು ಮುಂಬಾಗಿಲಿಂದ ಬಂದರು. ಒಂದು ಕೈಯಲ್ಲಿ ಸೆರಗಿನಲ್ಲಿ ಹಿಡಿದ ಹಿತ್ತಾಳೆಯ ತಪ್ಪಲೆ, ಇನ್ನೊಂದರಲ್ಲಿ ಮುಚ್ಚಿದ ತಂಬಿಗೆ. ನೇರ ನಡುಮನೆಗೆ ಬಂದು, ಚಾಪೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದ ಸುಮಿತ್ರಮ್ಮನವರ ಭುಜ ತಟ್ಟಿದರು.

"ಏಳ್ರೀ. ಎದ್ದು ಊಟ ಮಾಡಿ."

ಸುಮಿತ್ರಮ್ಮನವರು ಕಣ್ಣು ಬಿಟ್ಟರು.

"ಬಿಸಿ ಅನ್ನ, ಮೆಣಸಿನ ಸಾರು. ತಂಬಿಗೇಲಿ ನೀರೂ ತಂದಿದೀನಿ, ನಿಮ್ಮ ಕೊಡ ಒಡೆದುಹೋಯ್ತಲ್ಲ ಬೆಳಿಗ್ಗೆ, ಸದ್ದು ಕೇಳಿಸ್ತು." ತಪ್ಪಲೆಯನ್ನು ತಲೆಯ ಹತ್ತಿರ ಇಟ್ಟರು. ನಾನು ಪಾತ್ರೆಯನ್ನೇ ನೋಡುತ್ತಿದ್ದುದನ್ನು ಕಂಡು ನನ್ನ ಕಡೆ ತಿರುಗಿ, "ಏನು ಹಂಗೆ ನೋಡ್ತೀಯ? ಸಾರನ್ನ ಎಲೇಲಿ ಕಟ್ಕೊಂಡು ಬರೋಕ್ಕಾಗುತ್ತಾ? ಹುಣಸೆಹಣ್ಣು ಹಾಕಿ ಬೆಳಗಿದ್ರೆ ಆಯ್ತು. ನಾಳೆ ಕೊಡಿ," ಎಂದು ಹೇಳಿ ಹೊರಟೇಬಿಟ್ಟರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಯಜಮಾನರು ಊಟಕ್ಕೆ ಬರುವ ಹೊತ್ತಾಗಿತ್ತು.

ಸುಮಿತ್ರಮ್ಮನವರು ಮೆಲ್ಲನೆ ಎದ್ದು ಕೂತರು. ತಪ್ಪಲೆ ನೋಡಿದರು, ತಂಬಿಗೆ ನೋಡಿದರು, ಮತ್ತೆ ತಪ್ಪಲೆ ನೋಡಿದರು.

"ಪ್ರೇಮ, ಆ ಬೈಬಲ್ ತಗೊಂಬಾ. ಎಲೀಯನ ಕಥೆ ತೆಗಿ. ಜಾಲಿಗಿಡದ ಕೆಳಗೆ ಮಲಗಿದ್ದು."

ಆ ಕಥೆಯನ್ನು ನಾನೂ ಅವರ ಸಂಡೇ ಸ್ಕೂಲಿನಲ್ಲಿಯೇ ಕಲಿತಿದ್ದು. ಎಲೀಯ ದೊಡ್ಡ ಪ್ರವಾದಿ. ಆಕಾಶದಿಂದ ಬೆಂಕಿ ಇಳಿಸಿದವನು. ಮಾರನೆಯ ದಿನವೇ ರಾಣಿಯ ಬೆದರಿಕೆಗೆ ಹೆದರಿ ಕಾಡಿಗೆ ಓಡಿಹೋದ. ಆಮೇಲೆ ಬೆಟ್ಟದ ಮೇಲೆ ಗಾಳಿ ಬೀಸಿತು, ಭೂಮಿ ನಡುಗಿತು, ಬೆಂಕಿ ಬಂತು, ಅವುಗಳಲ್ಲಿ ಯಾವುದರಲ್ಲೂ ಇಲ್ಲದ ದೇವರು ಕೊನೆಗೆ ಒಂದು ಮೆಲುದನಿಯಲ್ಲಿ ಮಾತಾಡಿದ. ಸುಮಿತ್ರಮ್ಮನವರಿಗೆ ಆ ಮೆಲುದನಿಯೆಂದರೆ ಪ್ರಾಣ. ಅಲ್ಲಿಗೆ ಬೇಗ ಮುಟ್ಟಬೇಕೆಂದು ಕಾಡಿನ ಭಾಗವನ್ನು ಒಂದೇ ಉಸಿರಿನಲ್ಲಿ ದಾಟಿಸುತ್ತಿದ್ದರು. ಕಾಡಿನಲ್ಲಿ ಏನಾಯಿತೆಂದು ನಮಗ್ಯಾರಿಗೂ ಸರಿಯಾಗಿ ನೆನಪಿರಲಿಲ್ಲ.

ನಾನು ಓದಿದೆ. ಎಲೀಯ ಗಿಡದ ಕೆಳಗೆ ಕೂತು, ದೇವರೇ ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ಹೇಳಿ ಮಲಗಿಬಿಡುತ್ತಾನೆ. ಒಬ್ಬ ದೇವದೂತ ಬಂದು ಅವನನ್ನು ಮುಟ್ಟಿ, ಎದ್ದು ಊಟ ಮಾಡು ಅನ್ನುತ್ತಾನೆ. ನೋಡಿದರೆ ತಲೆಯ ಹತ್ತಿರ ಕೆಂಡದಲ್ಲಿ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಕುಡಿದು ಮತ್ತೆ ಮಲಗುತ್ತಾನೆ.

"ನಿಲ್ಸು," ಅಂದರು ಸುಮಿತ್ರಮ್ಮ. "ತಿನ್ನೋಕೆ ಮುಂಚೆ ಸ್ತೋತ್ರ ಹೇಳ್ದ ಅಂತ ಇದೆಯಾ?"

ನಾನು ನೋಡಿದೆ. "ಇಲ್ಲ."

"ಸರಿಯಾಗಿ ನೋಡು. ಆತುರ ಪಡ್ಬೇಡ."

ಬೆರಳಿಟ್ಟು ಮತ್ತೆ ಓದಿದೆ. "ಇಲ್ಲ ಅಮ್ಮ. ತಿಂದ, ಕುಡಿದ, ಮಲಗಿದ. ಅಷ್ಟೆ."

"ತಿಂದಾದ ಮೇಲಾದ್ರೂ?"

"ಮೇಲೂ ಇಲ್ಲ."

"ದೇವದೂತ ಬಯ್ದನಾ? ಇಷ್ಟು ದೊಡ್ಡ ಪ್ರವಾದಿ, ಹಿಂಗೆ ಉಪಕಾರ ಇಲ್ಲದೆ ತಿಂತೀಯಲ್ಲ ಅಂತ?"

"ಇಲ್ಲ. ಮತ್ತೆ ಬರ್ತಾನೆ. ಮತ್ತೆ ಊಟ ಮಾಡು ಅಂತಾನೆ."

ಸುಮಿತ್ರಮ್ಮನವರು ತಪ್ಪಲೆಯನ್ನು ಹತ್ತಿರ ಎಳೆದುಕೊಂಡರು. ಸಾರಿನ ಮೆಣಸಿನ ವಾಸನೆ ಕೋಣೆಯಲ್ಲಿ ಹರಡಿತ್ತು.

"ಊಟಕ್ಕೆ ಮುಂಚೆ ಅವನು ದೇವರಿಗೆ ಹೇಳಿದ್ದು ಏನು, ಇನ್ನೊಂದ್ಸಲ ಹೇಳು."

"ಸಾಕು ಅಂತ."

"ಅಷ್ಟನ್ನ ನಾನೂ ಹೇಳಿದೀನಿ ಕಣೆ," ಅಂದರು. "ಬೇಕಾದಷ್ಟು ಸಲ ಹೇಳಿದೀನಿ. ತಟ್ಟೆ ಹಾಕು."

ಬಡಿಸಿದೆ. ಅವರು ತಲೆ ಬಗ್ಗಿಸಲಿಲ್ಲ, ಕಣ್ಣು ಮುಚ್ಚಲಿಲ್ಲ. ಅನ್ನಕ್ಕೆ ಸಾರು ಕಲಸಿಕೊಂಡು ಉಂಡರು. ಆ ಮನೆಯಲ್ಲಿ ಕೂತು, ಪ್ರಾರ್ಥನೆ ಇಲ್ಲದೆ, ಆಮೆನ್ ಇಲ್ಲದೆ ಆದ ಮೊದಲ ಊಟ ಅದು. ನಾನು ಮನಸ್ಸಿನಲ್ಲಿ ಒಂದು ಸ್ತೋತ್ರ ಹೇಳಿಕೊಂಡೆ. ಬಾಯಿ ಬಿಟ್ಟು ಹೇಳುವ ಧೈರ್ಯವಾಗಲಿಲ್ಲ. ಉಂಡು ಕೈತೊಳೆದು ಅವರು ಮತ್ತೆ ಮಲಗಿದರು. ಸಂಜೆಯವರೆಗೂ ಏಳಲಿಲ್ಲ. ಶಾಂತಪ್ಪನವರು ಹೋದ ಮೇಲೆ ಅವರು ಹಾಗೆ ನಿದ್ದೆ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಮಾರನೆಯ ದಿನ ಅಲಮೇಲು ಪಾತ್ರೆ ವಾಪಸು ತೆಗೆದುಕೊಳ್ಳಲು ಬಂದವರು ಇನ್ನೊಂದು ಪಾತ್ರೆಯಲ್ಲಿ ಹುಳಿಯನ್ನ ತಂದಿದ್ದರು. ಅದರ ಮಾರನೆಯ ದಿನವೂ ಬಂದರು. "ನಿಮ್ಮ ಮನೆಗೆ ಬಂದ ಪಾತ್ರೆ ಬೆಳಗೀ ಬೆಳಗೀ ನನ್ನ ಕೈ ಸವೆದುಹೋಯ್ತು ಕಣ್ರೀ," ಎಂದು ಗೊಣಗುವುದು, ಇಟ್ಟು ಹೋಗುವುದು. ಸುಮಿತ್ರಮ್ಮನವರು ಆಕೆಗೆ ಎಲೀಯನ ಕಥೆ ಹೇಳಲಿಲ್ಲ. ನನಗೆ ಅದು ಆಶ್ಚರ್ಯ. ಗೋಡೆಯ ಮೇಲಿಂದ ಆಕೆಗೆ ನೋಹನ ನಾವೆಯಿಂದ ಹಿಡಿದು ಎಲ್ಲ ಕಥೆಯನ್ನೂ ಹೇಳಿ ಮುಗಿಸಿದ್ದವರು ಅವರು. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ರೊಟ್ಟಿ ಸುಡೋರಿಗೆ ಕಥೆ ಏತಕ್ಕೆ?" ಅಂದರು. "ಕಥೆ ಬೇಕಾಗಿದ್ದದ್ದು ನನಗೆ."

ಕೆನ್ನೆಗೆ ಬಣ್ಣ ಬಂತು. ನಿಂತು ಬನ್ನು ತಿನ್ನುವುದು ನಿಂತಿತು. ಆದರೆ ಊಟ ಮಾತ್ರ ಹಾಗೆಯೇ, ಮಾತಿಲ್ಲದೆ. ಕೂಟದಲ್ಲಿ ಕೆಲವರಿಗೆ ಇದು ತಿಳಿದು ಬೇಸರವಾಯಿತು. ಅಧ್ಯಕ್ಷೆಯಾದವರು ಹೀಗೆ ದೇವರನ್ನು ಅರಿಯದ ಅನ್ಯರಂತೆ ಉಣ್ಣುವುದೇ ಎಂದರು. ಚೆಲುವಮ್ಮ ಮಾತ್ರ, "ಉಣ್ತಾವ್ರಲ್ಲ, ಬಿಟ್ಬುಡಿ ಅತ್ಲಾಗೆ," ಎಂದು ತಮ್ಮ ದೊಡ್ಡ ಗಂಟಲಿನಲ್ಲಿ ಎಲ್ಲರ ಬಾಯಿ ಮುಚ್ಚಿಸಿದರು. ನನಗೆ ಒಳಗೊಳಗೇ ಅಳುಕಿತ್ತು. ಅವರು ಬದುಕಿಕೊಂಡರು, ಸರಿ. ಆದರೆ ದೇವರ ಜೊತೆ ಮಾತು ಬಿಟ್ಟೇ ಬದುಕಿಬಿಟ್ಟರೆ? ಅಂಥ ಸುಮಿತ್ರಮ್ಮನವರು ನನಗೆ ಬೇಕಾಗಿರಲಿಲ್ಲ.

ಕ್ರಿಸ್‌ಮಸ್ ಹತ್ತಿರ ಬಂದಿತ್ತು. ಅಷ್ಟರಲ್ಲಿ ಅಲಮೇಲು ಅವರಿಗೆ ಮಂಡಿನೋವು ಹಿಡಿದು, ಬೀದಿ ಸುತ್ತಿ ಬರುವುದಕ್ಕೆ ಆಗದೆ ಪಾತ್ರೆಯನ್ನು ಗೋಡೆಯ ಮೇಲೆಯೇ ಇಡತೊಡಗಿದ್ದರು. ಆ ದಿನ ಇಟ್ಟದ್ದು ನುಗ್ಗೆಕಾಯಿ ಹುಳಿ. ಸುಮಿತ್ರಮ್ಮನವರು ಕಲಸಿಕೊಂಡು ಒಂದು ತುತ್ತು ಬಾಯಿಗಿಟ್ಟರು. ಎರಡನೆಯ ತುತ್ತು ಎತ್ತಿದ ಕೈ ತಟ್ಟೆಗೇ ಇಳಿಯಿತು. ಕಣ್ಣು ತೆರೆದೇ ಇತ್ತು. ಎದುರಿಗಿದ್ದ ಖಾಲಿ ಮಣೆಯನ್ನು ನೋಡುತ್ತ ಮಾತಾಡಿದರು.

"ಕರ್ತನೇ, ಅವರನ್ನ ಕರ್ಕೊಂಡಿದ್ದಕ್ಕೆ ನನಗಿನ್ನೂ ಸಿಟ್ಟಿದೆ. ಅದಕ್ಕೆ ನಾನು ಸ್ತೋತ್ರ ಹೇಳಲ್ಲ. ಹುಳಿ ಚೆನ್ನಾಗಿದೆ. ಇದಕ್ಕೆ ಹೇಳ್ತೀನಿ."

ನಾನು ಆಮೆನ್‌ಗೆ ಕಾದೆ. ಅದು ಬರಲಿಲ್ಲ.

"ನುಗ್ಗೆಕಾಯಿ ಬೆಳೆದೋರು ಚೆನ್ನಾಗಿರ್ಲಿ," ಅಂದರು. "ಕನ್ನಂಬಾಡಿ ತುಂಬ್ಲಿ." ಆಮೇಲೆ ದನಿ ಒಡೆಯಿತು. "ರೈಲಲ್ಲಿ ಹೋಗ್ತಿರೋರನ್ನೆಲ್ಲ ಕಾಪಾಡು." ಕಣ್ಣೀರು ಮೂಗಿನ ತುದಿಯಿಂದ ತಟ್ಟೆಗೆ ಬೀಳುತ್ತಿತ್ತು. ಒರೆಸಿಕೊಳ್ಳಲಿಲ್ಲ, ಕೈ ಎಂಜಲಾಗಿತ್ತು. ಅಚ್ಚುಕೂಟದವರ ಹೆಸರು ಹೇಳಿದರು, ಒಬ್ಬರನ್ನೂ ಬಿಡಲಿಲ್ಲ. ಕುಂಟ ಬೆಕ್ಕಿನವರೆಗೂ ಬಂದರು. ಹುಳಿ ಆರಿ ಮೇಲೆ ಕೆನೆ ಕಟ್ಟಿತು.

ನಾನು ಕೆಮ್ಮಿದೆ.

ಅವರು ನನ್ನ ಕಡೆ ನೋಡಿದರು. ತುಟಿ ಸ್ವಲ್ಪ ಓರೆಯಾಯಿತು. ಮತ್ತೆ ಮಣೆಯ ಕಡೆ ತಿರುಗಿ, "ಅಲಮೇಲು ಅವರ ಮಂಡಿನೋವೂ ವಾಸಿಯಾಗ್ಲಿ," ಎಂದು ಇನ್ನೊಂದು ಸಾಲು ಸೇರಿಸಿ, ಆಮೆನ್ ಅಂದರು.

ನಾನೂ ಆಮೆನ್ ಅಂದೆ. ಆಮೇಲೆ ಇಬ್ಬರೂ ಆರಿದ ಹುಳಿಯನ್ನು ಉಂಡೆವು.